ಸಿಆರ್‌ಎಂನಲ್ಲಿ 34 ಫೀಲ್ಡ್, 11 ಹಂತ. ತಂಡ ಮಾತ್ರ ಸ್ವಂತ ಎಕ್ಸೆಲ್‌ನಲ್ಲೇ. ಯಾವುದನ್ನು ತೆಗೆಯುವುದು, ಯಾವುದನ್ನು ಉಳಿಸುವುದು?

ಸೇಲ್ಸ್‌ಆಪ್ಸ್_14

ಎಲ್ಲರಿಗೂ ನಮಸ್ಕಾರ. 14 ಜನರ ಸೇಲ್ಸ್ ತಂಡಕ್ಕೆ ಸಿಆರ್‌ಎಂ (ಗ್ರಾಹಕರ ಮತ್ತು ಡೀಲ್‌ಗಳ ದಾಖಲೆ ಇಡುವ ಸಾಫ್ಟ್‌ವೇರ್) ಮತ್ತು ಅದರ ಸುತ್ತಲಿನ ಕೆಲಸದ ಕ್ರಮವನ್ನು ಮತ್ತೆ ಹೊಂದಿಸಬೇಕಾಗಿದೆ. ಈಗಿನ ಸ್ಥಿತಿ ಹೀಗಿದೆ.

ಡೀಲ್ ಫಾರ್ಮ್‌ನಲ್ಲಿ 34 ಫೀಲ್ಡ್, ಅವುಗಳಲ್ಲಿ 19 ಕಡ್ಡಾಯ. ಹಂತಗಳು 11. ತಂಡದಲ್ಲಿ 9 ಜನ ಹೊರಗೆ ಓಡಾಡುವವರು, 5 ಜನ ಫೋನಿನಲ್ಲೇ ಮಾರುವವರು. ವ್ಯಾಪಾರ ಎರಡು ಬಗೆ: ವಾರದೊಳಗೆ ಮುಗಿಯುವ ಸಣ್ಣ ಆರ್ಡರ್‌ಗಳು, 3–4 ತಿಂಗಳು ಹಿಡಿಯುವ ದೊಡ್ಡ ಡೀಲ್‌ಗಳು. ಎರಡಕ್ಕೂ ಅದೇ ಫಾರ್ಮ್. ನಿಜವಾದ ಕೆಲಸ ನಡೆಯುವುದು ಅವರವರ ಎಕ್ಸೆಲ್ ಮತ್ತು ವಾಟ್ಸ್‌ಆಪ್‌ನಲ್ಲಿ. ಸಿಆರ್‌ಎಂ ತುಂಬುವುದು ಶುಕ್ರವಾರ ಸಂಜೆ, ರಿಪೋರ್ಟ್‌ಗೆ ಬೇಕಲ್ಲ ಎಂದು.

ದೊಡ್ಡ ಡೀಲ್‌ಗಳು ವಾರಕ್ಕೆ ಸುಮಾರು 20 ಹೊಸದಾಗಿ ಸೇರುತ್ತವೆ. ಗೆದ್ದದ್ದು ಸೋತದ್ದು ಸೇರಿಸಿ, ಒಂದು ಮುಗಿಯಲು ಸಿಸ್ಟಂ ಪ್ರಕಾರ ಸರಾಸರಿ 10 ವಾರ. ಆದರೆ ತೆರೆದಿರುವ ಡೀಲ್‌ಗಳು 460! ಫೋರ್‌ಕಾಸ್ಟ್ (ಮುಂದೆ ಎಷ್ಟು ಮಾರಾಟವಾಗಬಹುದು ಎಂಬ ಅಂದಾಜು) ಒಂದು ತಿಂಗಳೂ ಹತ್ತಿರಕ್ಕೆ ಬರುವುದಿಲ್ಲ.

ಕೇಳಬೇಕಾದ್ದು: ಫೀಲ್ಡ್‌ಗಳನ್ನು ಯಾವ ಆಧಾರದ ಮೇಲೆ ಕಡಿಮೆ ಮಾಡುವುದು? ಎರಡು ಬಗೆಯ ವ್ಯಾಪಾರಕ್ಕೆ ಎರಡು ಪೈಪ್‌ಲೈನ್ (ಡೀಲ್ ತೆರೆದಾಗಿನಿಂದ ಮುಗಿಯುವವರೆಗೆ ದಾಟುವ ಹಂತಗಳ ಸಾಲು) ಬೇಕೆ? ರಿಯಾಯಿತಿ ಅನುಮೋದನೆ ಇಮೇಲ್‌ನಲ್ಲಿ 2–3 ದಿನ ಕೂತುಬಿಡುತ್ತದೆ, ಅದಕ್ಕೇನು ಮಾಡುವುದು? ಟೂಲನ್ನೇ ಬದಲಿಸಿ ಎಂದು ಹೇಳುವವರೂ ಇದ್ದಾರೆ, ಅದು ಸರಿಯೇ?

---

ಪೈಪ್‌ಲೈನ್_ಪಾಲಕ

ಟೂಲ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. 34 ಫೀಲ್ಡ್‌ಗಳನ್ನು ಹೊಸ ಟೂಲಿಗೆ ಹೊತ್ತುಕೊಂಡು ಹೋದರೆ ಅಲ್ಲೂ ಇದೇ ಕಥೆ.

ಮೊದಲು ನೀವೇ ಕೊಟ್ಟ ಅಂಕಿಗಳನ್ನು ನೋಡಿ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ಸಂಬಂಧವಿದೆ: ಒಳಗಿರುವವುಗಳ ಸಂಖ್ಯೆ = ಒಳಬರುವ ದರ × ಸರಾಸರಿ ತಂಗುವ ಕಾಲ. ವಾರಕ್ಕೆ 20, ತಂಗುವುದು 10 ವಾರ ಎಂದರೆ ತೆರೆದಿರಬೇಕಾದದ್ದು 200. ನಿಮ್ಮಲ್ಲಿ 460 ಇವೆ. ಆ 10 ವಾರ ಬಂದಿರುವುದು ಮುಗಿಸಿದ ಡೀಲ್‌ಗಳಿಂದ ಮಾತ್ರ, ಹಾಗಾಗಿ ನಿಜವಾದ ಸರಾಸರಿ ಇನ್ನೂ ಹೆಚ್ಚಿರಬಹುದು. 13 ವಾರ ಎಂದೇ ಇಟ್ಟುಕೊಂಡರೂ 260. ಉಳಿದ ಇನ್ನೂರು ಡೀಲ್‌ಗಳು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಫೋರ್‌ಕಾಸ್ಟ್ ತಪ್ಪುವುದಕ್ಕೆ ಬೇರೆ ಕಾರಣ ಹುಡುಕುವ ಮೊದಲು ಇವನ್ನು ಹೊರಗೆ ಹಾಕಿ. 30 ದಿನದಿಂದ ಗ್ರಾಹಕರ ಕಡೆಯಿಂದ ಒಂದು ಕರೆ, ಮೇಲ್, ಮೆಸೇಜ್ ಏನೂ ಬಾರದ ಡೀಲ್‌ಗಳ ಪಟ್ಟಿ ತೆಗೆಯಿರಿ. ನಮ್ಮವರು ಎಷ್ಟು ಸಲ ಕರೆ ಮಾಡಿದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಪ್ರತಿಯೊಂದಕ್ಕೂ ಎರಡೇ ದಾರಿ: ದಿನಾಂಕ ಸಹಿತ ಮುಂದಿನ ಹೆಜ್ಜೆ ಬರೆಯಬೇಕು, ಇಲ್ಲವೇ ‘ಗ್ರಾಹಕರು ಸುಮ್ಮನಾದರು’ ಎಂದು ಮುಚ್ಚಬೇಕು. ಮುಚ್ಚಿದ್ದಕ್ಕೆ ಯಾರನ್ನೂ ಪ್ರಶ್ನಿಸುವುದಿಲ್ಲ ಎಂದು ಮ್ಯಾನೇಜರ್ ಮೊದಲೇ ಹೇಳಬೇಕು. ಇಲ್ಲದಿದ್ದರೆ ಎಲ್ಲರೂ ‘ಮುಂದಿನ ತಿಂಗಳು ಕರೆ’ ಎಂದು ಬರೆದು ಉಳಿಸಿಕೊಳ್ಳುತ್ತಾರೆ.

ಇನ್ನು ಫೀಲ್ಡ್‌ಗಳು. 34ನ್ನೂ ಒಂದು ಶೀಟಿನಲ್ಲಿ ಕೆಳಗೆ ಕೆಳಗೆ ಬರೆದು ಪಕ್ಕದಲ್ಲಿ ಮೂರು ಕಾಲಂ ಹಾಕಿ: ಇದನ್ನು ಓದುವವರು ಯಾರು, ಓದಿ ಏನು ನಿರ್ಧಾರ ಮಾಡುತ್ತಾರೆ, ಈ ಮಾಹಿತಿ ಸೇಲ್ಸ್‌ನವರಿಗೆ ಯಾವಾಗ ಗೊತ್ತಾಗುತ್ತದೆ. ಎರಡನೇ ಕಾಲಂ ಖಾಲಿ ಉಳಿದರೆ ಆ ಫೀಲ್ಡ್ ಬೇಡ. ‘ರಿಪೋರ್ಟ್‌ನಲ್ಲಿ ಬರುತ್ತದೆ’ ಎಂಬುದು ನಿರ್ಧಾರವಲ್ಲ.

ತುಂಬಿದ ಪ್ರಮಾಣ ನೋಡಿ ಮೋಸ ಹೋಗಬೇಡಿ. ಡ್ರಾಪ್‌ಡೌನ್‌ನಲ್ಲಿ ಮೊದಲ ಆಯ್ಕೆಯೇ 70–80% ಡೀಲ್‌ಗಳಲ್ಲಿ ಇದ್ದರೆ ಅದು ಮಾಹಿತಿಯಲ್ಲ, ಬೆರಳು ಹತ್ತಿರ ಸಿಕ್ಕಿದ್ದನ್ನು ಒತ್ತಿದ್ದು. ‘ಮುಗಿಯುವ ದಿನಾಂಕ’ದ ಕಾಲಂ ಅನ್ನು ದಿನವಾರು ಎಣಿಸಿ ನೋಡಿ, ಹೆಚ್ಚಿನವು ತಿಂಗಳ ಕೊನೆಯ ದಿನಕ್ಕೇ ಬಿದ್ದಿದ್ದರೆ ಅದೂ ಕಾಟಾಚಾರಕ್ಕೆ ತುಂಬಿದ್ದೇ. ಮೊತ್ತದಲ್ಲಿ 1, ಹೆಸರಿನಲ್ಲಿ ಬರೀ ಚುಕ್ಕೆ ಎಷ್ಟಿವೆ ಎಂದೂ ಎಣಿಸಿ. ಗೊತ್ತಾಗುವ ಮೊದಲೇ ಕಡ್ಡಾಯ ಮಾಡಿದ ಫೀಲ್ಡ್‌ಗಳು ಹೀಗೆ ಸುಳ್ಳು ಹೇಳಿಸುತ್ತವೆ. ಆದ್ದರಿಂದ ಕಡ್ಡಾಯವನ್ನು ಹಂತಕ್ಕೆ ಕಟ್ಟಿ, ಫಾರ್ಮ್‌ಗೆ ಅಲ್ಲ. ಡೀಲ್ ತೆರೆಯುವಾಗ 5 ಸಾಕು: ಸಂಸ್ಥೆ, ವ್ಯಕ್ತಿ, ಫೋನ್, ಏನು ಬೇಕು, ಮುಂದಿನ ಹೆಜ್ಜೆ ಮತ್ತು ದಿನಾಂಕ. ಕೊಟೇಶನ್ ಹೋಗುವಾಗ ಮೊತ್ತ, ನಿರ್ಧಾರ ಮಾಡುವವರು, ಮುಗಿಯುವ ತಿಂಗಳು. ಮುಚ್ಚುವಾಗ ಫಲಿತಾಂಶ ಮತ್ತು ಕಾರಣ. ಹಂತ ಬದಲಾದ ದಿನಾಂಕಗಳನ್ನು ಸಿಸ್ಟಂ ತಾನೇ ಬರೆದುಕೊಳ್ಳಲಿ, ಜನರಿಂದ ಬರೆಸಬೇಡಿ.

ಇವುಗಳಲ್ಲಿ ಒಂದನ್ನೇ ಉಳಿಸಿ ಎಂದರೆ ನಾನು ಮುಂದಿನ ಹೆಜ್ಜೆಯನ್ನು ಉಳಿಸುತ್ತೇನೆ. ‘ಫಾಲೋ-ಅಪ್’ ಎಂಬ ಒಂದು ಪದ ಹೆಜ್ಜೆಯಲ್ಲ. ‘ಗುರುವಾರ 11ಕ್ಕೆ ಖರೀದಿ ವಿಭಾಗಕ್ಕೆ ಕರೆ, ಹೊಸ ದರಕ್ಕೆ ಹಣಕಾಸಿನವರ ಒಪ್ಪಿಗೆ ಸಿಕ್ಕಿತೇ ಎಂದು ಕೇಳುವುದು’: ಇದು ಹೆಜ್ಜೆ. ಯಾರಿಗೆ, ಯಾವಾಗ, ಏನು ಕೇಳಲು ಎಂಬ ಮೂರೂ ಇದರಲ್ಲಿವೆ. ಆ ಮೂರು ಇದ್ದರೆ, ಡೀಲ್ ನೋಡಿಕೊಳ್ಳುವವರು ರಜೆಯಲ್ಲಿದ್ದರೂ ಇನ್ನೊಬ್ಬರು ಕರೆ ಮಾಡಬಹುದು.

---

ಹಂತ_ಹಂತವಾಗಿ

ಮೇಲಿನದಕ್ಕೆ ನನ್ನ ಪೂರ್ಣ ಒಪ್ಪಿಗೆ, ಒಂದನ್ನು ಬಿಟ್ಟು. ಡೀಲ್ ತೆರೆಯುವಾಗಲೇ ಫೋನ್ ಕಡ್ಡಾಯ ಬೇಡ. ಮೇಲ್‌ನಲ್ಲೋ ಪ್ರದರ್ಶನದಲ್ಲೋ ಸಿಕ್ಕ ಲೀಡ್‌ಗೆ (ಮುಂದೆ ಗ್ರಾಹಕರಾಗಬಹುದಾದವರಿಗೆ) ನಂಬರ್ ಇರುವುದಿಲ್ಲ; ಆಗ ಸಂಸ್ಥೆಯ ಸ್ವಾಗತ ವಿಭಾಗದ ನಂಬರನ್ನೇ ಹಾಕುತ್ತಾರೆ, ಆಮೇಲೆ ಒಂದೇ ನಂಬರಿನ ಹತ್ತು ದಾಖಲೆಗಳು ಸೇರಿ ನಕಲು ಹುಡುಕುವುದೇ ಕಷ್ಟವಾಗುತ್ತದೆ. ‘ಫೋನ್ ಅಥವಾ ಇಮೇಲ್, ಒಂದಾದರೂ ಇರಲಿ’ ಎಂಬ ನಿಯಮ ಹಾಕಿ.

ಹಂತಗಳ ಬಗ್ಗೆ. 11 ಹಂತಗಳು ಬರುವುದು ನಾವು ಮಾಡುವ ಕೆಲಸಗಳನ್ನೆಲ್ಲ ಹಂತ ಎಂದು ಕರೆದಾಗ: ಕರೆ ಮಾಡಿದೆ, ಡೆಮೊ ಕೊಟ್ಟೆ, ಕೊಟೇಶನ್ ಕಳಿಸಿದೆ, ಮತ್ತೆ ಕರೆ ಮಾಡಿದೆ. ಇವುಗಳಲ್ಲಿ ಯಾವುದಕ್ಕೂ ಗ್ರಾಹಕರ ಒಪ್ಪಿಗೆ ಬೇಕಿಲ್ಲ. ಅದಕ್ಕೇ ಒಬ್ಬರೇ ಕೂತು ಡೀಲನ್ನು ಏಳನೇ ಹಂತದವರೆಗೆ ತಳ್ಳಬಹುದು. ಹಂತ ದಾಟಿಸಬೇಕಾದದ್ದು ಗ್ರಾಹಕರ ನಡೆ. ದೊಡ್ಡ ಡೀಲ್‌ಗಳಿಗೆ ಇಷ್ಟು ಸಾಕು:

1. ತೊಂದರೆಯೋ ಅಗತ್ಯವೋ ಇದೆ ಎಂದು ಗ್ರಾಹಕರೇ ಹೇಳಿದ್ದಾರೆ
2. ನಿರ್ಧಾರ ಮಾಡುವವರ ಜೊತೆ ಮಾತುಕತೆ ಆಗಿದೆ
3. ಅವರೇ ಕೊಟೇಶನ್ ಕೇಳಿದ್ದಾರೆ, ಕಳಿಸಿದ್ದನ್ನು ನೋಡಿ ಪ್ರಶ್ನೆ ಕೇಳಿದ್ದಾರೆ
4. ಮಾತಿನಲ್ಲಿ ಒಪ್ಪಿದ್ದಾರೆ, ಕಾಗದಪತ್ರ ಬಾಕಿ
5. ಆರ್ಡರ್ ಬಂತು ಅಥವಾ ಡೀಲ್ ಮುಚ್ಚಿತು

ಮೂರನೆಯದನ್ನು ಗಮನಿಸಿ. ಕೊಟೇಶನ್ ಕಳಿಸಿದರೆ ಸಾಲದು, ಆ ಕಡೆಯಿಂದ ಪ್ರಶ್ನೆ ಬರಬೇಕು. ಸತ್ತ ಡೀಲ್‌ಗಳು ಗುಡ್ಡೆಯಾಗುವುದು ಹೆಚ್ಚಾಗಿ ‘ಕೊಟೇಶನ್ ಕಳಿಸಲಾಗಿದೆ’ ಎಂಬ ಹಂತದಲ್ಲೇ.

ಎರಡು ಪೈಪ್‌ಲೈನ್ ಬೇಕೇ ಎಂದು ಕೇಳಿದ್ದೀರಿ. ಹಂತಗಳ ಕ್ರಮವೇ ಬೇರೆಯಿದ್ದರೆ ಬೇರೆ ಪೈಪ್‌ಲೈನ್. ಬರೀ ವೇಗ ಬೇರೆಯಿದ್ದರೆ ಒಂದೇ ಸಾಕು. ನಿಮ್ಮ ಸಣ್ಣ ಆರ್ಡರ್‌ಗಳಿಗೆ ನನ್ನ ಪ್ರಕಾರ ಪೈಪ್‌ಲೈನೇ ಬೇಡ. ವಾರದಲ್ಲಿ ಮುಗಿಯುವುದಕ್ಕೆ ದರ ಹೇಳಿದೆ, ಆರ್ಡರ್ ಬಂತು, ಬೇಡವೆಂದರು ಎಂಬ ಮೂರು ಸ್ಥಿತಿಗಳ ಒಂದು ಪಟ್ಟಿ ಸಾಕು. ಅದರ ಫೋರ್‌ಕಾಸ್ಟ್ ಡೀಲ್ ಡೀಲ್ ಆಗಿ ಮಾಡುವಂಥದ್ದಲ್ಲ. ಹಿಂದಿನ 8–12 ವಾರಗಳ ವಾರದ ಸರಾಸರಿಯೇ ಹೆಚ್ಚು ಹತ್ತಿರ ಬರುತ್ತದೆ.

ಹಂತಕ್ಕೆ ಕೊಡುವ ಶೇಕಡಾವಾರು ಗೆಲುವನ್ನು ಟೂಲಿನೊಂದಿಗೆ ಬಂದ 20, 40, 60, 80ಕ್ಕೆ ಬಿಡಬೇಡಿ. ಹಂತವನ್ನು ಮುಟ್ಟಿದ ಎಲ್ಲ ಡೀಲ್‌ಗಳನ್ನೂ, ಮುಗಿದವುಗಳಿಂದ ಮಾತ್ರ, ತೆಗೆದುಕೊಳ್ಳಿ. ಮೂರನೇ ಹಂತವನ್ನು ಮುಟ್ಟಿದ 80ರಲ್ಲಿ 28 ಗೆದ್ದಿದ್ದರೆ ಅದು 35%. ಒಂದು ಎಚ್ಚರಿಕೆ: ಸೋಲುವ ಡೀಲ್ ಹೆಚ್ಚಾಗಿ ನಿಧಾನವಾಗಿ ಮುಚ್ಚುತ್ತದೆ, ಗೆಲ್ಲುವುದು ಬೇಗ ಮುಚ್ಚುತ್ತದೆ. ಆದ್ದರಿಂದ ಇತ್ತೀಚಿನ ಒಂದೆರಡು ತಿಂಗಳ ಡೀಲ್‌ಗಳನ್ನು ಸೇರಿಸಿದರೆ ಶೇಕಡಾವಾರು ಏರಿಬಿಡುತ್ತದೆ. ಕನಿಷ್ಠ 4–5 ತಿಂಗಳ ಹಿಂದೆ ತೆರೆದವುಗಳನ್ನೇ ಹಿಡಿಯಿರಿ. ಇನ್ನು ಇಡೀ ತಿಂಗಳ ಟಾರ್ಗೆಟ್‌ನ ಕಾಲು ಭಾಗದಷ್ಟಿರುವ ಒಂದು ಡೀಲನ್ನು 50% ಎಂದು ಗುಣಿಸುವುದರಲ್ಲಿ ಅರ್ಥವಿಲ್ಲ. ಅರ್ಧ ಡೀಲ್ ಎಂದೂ ಬರುವುದಿಲ್ಲ. ಅಂಥವನ್ನು ಹೆಸರು ಹಿಡಿದು ಬೇರೆ ಪಟ್ಟಿಯಲ್ಲಿ, ಬರುತ್ತದೆ ಅಥವಾ ಬರುವುದಿಲ್ಲ ಎಂದು ಬರೆಯಿರಿ.

---

ಸೇಲ್ಸ್‌ಆಪ್ಸ್_14

ಇಬ್ಬರಿಗೂ ಧನ್ಯವಾದ. ಮೂರನೇ ಹಂತದ ಮಾತು ನಮಗೆ ಸರಿಯಾಗಿ ಹೊಂದುತ್ತದೆ: 460ರಲ್ಲಿ 240 ‘ಕೊಟೇಶನ್ ಕಳಿಸಲಾಗಿದೆ’ ಹಂತದಲ್ಲೇ ಇವೆ.

ಎರಡು ಉಳಿದವು. ರಿಯಾಯಿತಿಯ ನಿಯಮ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ಪ್ರತಿ ಸಲ ಡೆವಲಪರ್ ಬೇಕಾಗುತ್ತದೆ. ಮತ್ತೆ ಹೊರಗೆ ಓಡಾಡುವವರು ‘ನಮ್ಮ ಎಕ್ಸೆಲ್ ಬಿಡುವುದಿಲ್ಲ’ ಎನ್ನುತ್ತಿದ್ದಾರೆ. ಅದನ್ನು ನಿಷೇಧಿಸಬೇಕೆ?

---

ಕೊಟೇಶನ್_ಡೆಸ್ಕ್

ರಿಯಾಯಿತಿಯ ಬಗ್ಗೆ ಹೇಳುತ್ತೇನೆ, ಇದರಲ್ಲಿ ಹಣ ಸೋರುವ ಜಾಗಗಳು ಬಹಳ.

ನಿಯಮವನ್ನು ಕೋಡ್‌ನಲ್ಲಿ ಬರೆಸಬೇಡಿ, ಒಂದು ಕೋಷ್ಟಕದಲ್ಲಿಡಿ. ಕಾಲಂಗಳು: ವ್ಯಾಪಾರದ ಬಗೆ, ಕನಿಷ್ಠ ಶೇಕಡಾ, ಗರಿಷ್ಠ ಶೇಕಡಾ, ಅನುಮೋದಿಸುವ ಹುದ್ದೆ, ಉತ್ತರಕ್ಕೆ ಗಡುವು, ಜಾರಿಯಾಗುವ ದಿನಾಂಕ, ಮುಗಿಯುವ ದಿನಾಂಕ. ಸಿಸ್ಟಂ ಕೆಲಸ ಸಾಲು ಹುಡುಕುವುದಷ್ಟೇ. ನಿಯಮ ಬದಲಾದರೆ ಹಳೆಯ ಸಾಲಿಗೆ ಮುಗಿಯುವ ದಿನಾಂಕ ಹಾಕಿ ಹೊಸ ಸಾಲು ಸೇರಿಸುತ್ತೀರಿ, ಡೆವಲಪರ್ ಬೇಡ. ಹಳೆಯ ಸಾಲನ್ನು ಅಳಿಸಬೇಡಿ, ಮೂರು ತಿಂಗಳ ಹಿಂದಿನ ಕೊಟೇಶನ್ ಯಾಕೆ ಪಾಸಾಯಿತು ಎಂದು ತೋರಿಸಲು ಅದು ಬೇಕು. ಹುದ್ದೆ ಬರೆಯಿರಿ, ವ್ಯಕ್ತಿಯ ಹೆಸರಲ್ಲ. ಹೆಸರಿದ್ದರೆ ಅವರು ರಜೆ ಹಾಕಿದ ದಿನ ಎಲ್ಲವೂ ನಿಲ್ಲುತ್ತದೆ.

ಮಾದರಿಗೆ: 0ಯಿಂದ 5%ರೊಳಗೆ ಸೇಲ್ಸ್‌ನವರೇ, 5ರಿಂದ 12%ರೊಳಗೆ ತಂಡದ ಮುಖ್ಯಸ್ಥರು 4 ಕೆಲಸದ ಗಂಟೆಯಲ್ಲಿ, 12% ಮತ್ತು ಮೇಲೆ ಸೇಲ್ಸ್ ಹೆಡ್ 8 ಗಂಟೆಯಲ್ಲಿ. ಇಲ್ಲಿ ಸರಿಯಾಗಿ 5% ಯಾವ ಸಾಲಿಗೆ ಸೇರಿತು? ಎರಡೂ ಸಾಲಿಗೆ ಸೇರಿದರೆ ಸಿಸ್ಟಂ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತದೆ, ಯಾವುದಕ್ಕೂ ಸೇರದಿದ್ದರೆ ಕೊಟೇಶನ್ ಸಿಕ್ಕಿಕೊಳ್ಳುತ್ತದೆ. ‘ಕನಿಷ್ಠಕ್ಕೆ ಸಮ ಅಥವಾ ಹೆಚ್ಚು, ಗರಿಷ್ಠಕ್ಕಿಂತ ಕಡಿಮೆ’ ಎಂಬ ಒಂದೇ ಪದ್ಧತಿಯನ್ನು ಎಲ್ಲ ಸಾಲಿಗೂ ಅನ್ವಯಿಸಿ.

ಎರಡನೇ ಸೋರುವ ಜಾಗ: ಪ್ರತಿ ವಸ್ತುವಿನ ಸಾಲಿನಲ್ಲಿ 4.9% ಕೊಟ್ಟು, ಕೊನೆಯ ಮೊತ್ತದ ಮೇಲೆ ಮತ್ತೆ 4.9% ಕೊಡುವುದು. ಎರಡೂ ಪ್ರತ್ಯೇಕವಾಗಿ ಮಿತಿಯೊಳಗೆ, ಸೇರಿದರೆ 9.6%ರ ಆಸುಪಾಸು. ಉಚಿತ ಸಾಗಣೆ, ಉಚಿತ ಬಿಡಿಭಾಗ ಬೇರೆ. ಆದ್ದರಿಂದ ಪರೀಕ್ಷೆ ನಡೆಯಬೇಕಾದದ್ದು ಒಂದೇ ಸಂಖ್ಯೆಯ ಮೇಲೆ: ದರಪಟ್ಟಿಯಂತೆ ಎಲ್ಲದರ ಮೊತ್ತ ಎಷ್ಟು, ಗ್ರಾಹಕರು ನಿಜವಾಗಿ ಕೊಡುವುದು ಎಷ್ಟು, ವ್ಯತ್ಯಾಸ ಶೇಕಡಾ ಎಷ್ಟು.

ಗಡುವು ಮೀರಿದರೆ ಕೋರಿಕೆ ಮೇಲಿನವರಿಗೆ ಹೋಗಲಿ. ತಾನಾಗಿ ಪಾಸಾಗುವಂತೆ ಮಾಡಬೇಡಿ, ಆಗ ಸುಮ್ಮನಿರುವುದೇ ಅನುಮೋದನೆಯ ವಿಧಾನವಾಗುತ್ತದೆ. ಕೋರಿಕೆಯ ಮೆಸೇಜಿನಲ್ಲೇ ಗ್ರಾಹಕರು, ಮೊತ್ತ, ಶೇಕಡಾ, ಉಳಿಯುವ ಲಾಭ, ಒಂದು ಸಾಲಿನ ಕಾರಣ ಇರಲಿ. ಇಮೇಲ್ ಕೂತುಬಿಡುವುದು ಹೆಚ್ಚಾಗಿ ಮ್ಯಾನೇಜರ್ ಮೂರು ಕಡೆ ತೆರೆದು ನೋಡಬೇಕಾದಾಗ.

ಉಳಿಯುವ ಲಾಭವನ್ನು ಸೇಲ್ಸ್‌ನವರ ಸ್ಕ್ರೀನಿನಲ್ಲೂ ತೋರಿಸಿ, ದಯವಿಟ್ಟು. ದರ 100, ವೆಚ್ಚ 75 ಇದ್ದರೆ ಲಾಭ 25. 10% ಬಿಟ್ಟರೆ ಲಾಭ 15ಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಲಾಭ ಬರಬೇಕೆಂದರೆ 67% ಹೆಚ್ಚು ಮಾರಬೇಕು. ಈ ಒಂದು ಸಂಖ್ಯೆ ಕಣ್ಣೆದುರು ಇದ್ದರೆ ಚೌಕಾಶಿಯ ಧಾಟಿಯೇ ಬದಲಾಗುತ್ತದೆ.

ಕೊನೆಯದಾಗಿ, ಕೊಟೇಶನ್‌ನ ಸಾಲಿನಲ್ಲಿ ದರವನ್ನು ನಕಲು ಮಾಡಿ ಇಡಬೇಕು, ದರಪಟ್ಟಿಗೆ ಕೊಂಡಿ ಹಾಕಬಾರದು. ಕೊಂಡಿಯಿದ್ದರೆ ದರಪಟ್ಟಿ ಬದಲಿಸಿದ ರಾತ್ರಿ ಹಳೆಯ ಕೊಟೇಶನ್‌ಗಳೆಲ್ಲ ಬದಲಾಗಿ, ಗ್ರಾಹಕರ ಕೈಯಲ್ಲಿರುವ ಪಿಡಿಎಫ್‌ಗೂ ನಮ್ಮ ದಾಖಲೆಗೂ ತಾಳೆಯಾಗುವುದಿಲ್ಲ. ತಿದ್ದುಪಡಿಗೆ 1042-1, 1042-2 ಎಂದು ಹೊಸ ಆವೃತ್ತಿ ಮಾಡಿ, ಹಳೆಯದಕ್ಕೆ ‘ರದ್ದು’ ಎಂದು ಗುರುತು ಬೀಳಲಿ.

---

ಅಂಗೈ_ಎಂಟ್ರಿ

ಎಕ್ಸೆಲ್ ನಿಷೇಧ ಖಂಡಿತ ಬೇಡ. ನಿಷೇಧಿಸಿದರೆ ಅದು ಕಣ್ಣಿಗೆ ಕಾಣದ ಕಡೆ ಹೋಗುತ್ತದೆ ಅಷ್ಟೇ. ಆ 14 ಶೀಟ್‌ಗಳೇ ನಿಮಗೆ ಬೇಕಾದ ವಿನ್ಯಾಸದ ಪಟ್ಟಿ. ಎಲ್ಲರ ಶೀಟಿನ ಮೊದಲ ಸಾಲನ್ನು, ಕಾಲಂ ಹೆಸರುಗಳನ್ನು ಮಾತ್ರ, ಕೇಳಿ ತನ್ನಿ. ಒಂದೇ ವಿಷಯ 5 ಅಥವಾ ಹೆಚ್ಚು ಶೀಟ್‌ಗಳಲ್ಲಿ ಕಂಡರೆ ಅದಕ್ಕೆ ಸಿಆರ್‌ಎಂನಲ್ಲಿ ಜಾಗ ಕೊಡಿ. ‘ಊಟದ ಮೊದಲು ಕರೆ ಮಾಡಬಾರದು’ ಎಂಬಂಥ, ಒಬ್ಬೊಬ್ಬರಲ್ಲಿ ಮಾತ್ರ ಇರುವ ವಿಷಯಗಳಿಗೆ ಎರಡು ಮುಕ್ತ ಫೀಲ್ಡ್ ಬಿಡಿ, ಅವರಿಗಿಷ್ಟ ಬಂದದ್ದನ್ನು ಬರೆಯಲಿ. ಅವುಗಳಿಂದ ಯಾವ ರಿಪೋರ್ಟೂ ತೆಗೆಯುವುದಿಲ್ಲ ಎಂದು ಹೇಳಿ, ಹಾಗೇ ನಡೆದುಕೊಳ್ಳಿ. ಗ್ರಾಹಕ, ವ್ಯಕ್ತಿ, ಡೀಲ್, ಚಟುವಟಿಕೆ ಈ ನಾಲ್ಕು ಗಟ್ಟಿಯಾಗಿರಲಿ, ಅಂಚುಗಳು ಸಡಿಲವಾಗಿರಲಿ. ಹೊಂದಿಕೊಳ್ಳುವ ಟೂಲ್ ಎಂದರೆ ನನಗೆ ಇದೇ.

ಆಮೇಲೆ ಸ್ಟಾಪ್‌ವಾಚ್ ಹಿಡಿಯಿರಿ. ಭೇಟಿ ಮುಗಿದ ಕೂಡಲೇ, ನಿಂತ ಜಾಗದಲ್ಲಿ, ಒಂದು ಕೈಯಲ್ಲಿ ಫೋನ್ ಹಿಡಿದು ಅಪ್‌ಡೇಟ್ ಮಾಡಲು ಎಷ್ಟು ಹೊತ್ತು? 30 ಸೆಕೆಂಡ್ ಮೀರಿದರೆ ಅದು ಸಂಜೆಗೆ ಮುಂದೂಡಲ್ಪಡುತ್ತದೆ, ಸಂಜೆಗೆ ಹೋದದ್ದು ಶುಕ್ರವಾರಕ್ಕೆ. ದಿನಕ್ಕೆ 12 ಸಂಪರ್ಕ, ಒಂದಕ್ಕೆ 3 ನಿಮಿಷ ಎಂದರೆ 14 ಜನಕ್ಕೆ ಸೇರಿ ದಿನಕ್ಕೆ 8 ಗಂಟೆ 24 ನಿಮಿಷ. ಒಬ್ಬರ ಪೂರ್ತಿ ದಿನದ ಸಂಬಳ ಎಂಟ್ರಿಗೇ ಹೋಯಿತು. ಮೊಬೈಲ್ ಸ್ಕ್ರೀನಿನಲ್ಲಿ ಮೂರೇ ಇರಲಿ: ಏನಾಯಿತು ಎಂಬುದಕ್ಕೆ 4–5 ಬಟನ್, ಧ್ವನಿ ಅಥವಾ ಟೈಪಿನ ಒಂದು ಟಿಪ್ಪಣಿ, ಮುಂದಿನ ಹೆಜ್ಜೆ ಮತ್ತು ದಿನಾಂಕ. ದಿನಾಂಕಕ್ಕೆ ಕ್ಯಾಲೆಂಡರ್ ಬದಲು ‘ನಾಳೆ’, ‘3 ದಿನ’, ‘ಮುಂದಿನ ವಾರ’ ಎಂಬ ಬಟನ್‌ಗಳು.

ಸಿಗ್ನಲ್ ಇಲ್ಲದ ಕಡೆ ಬರೆದದ್ದು ಫೋನಿನಲ್ಲೇ ಉಳಿದು ಆಮೇಲೆ ಸಿಂಕ್ ಆಗಬೇಕು. ಇಲ್ಲೊಂದು ಅಪಾಯವಿದೆ. ಹಲವು ಟೂಲ್‌ಗಳಲ್ಲಿ ಕೊನೆಗೆ ಸೇವ್ ಆದದ್ದೇ ಉಳಿಯುತ್ತದೆ: ಬೆಳಗ್ಗೆ ಸಿಗ್ನಲ್ ಇಲ್ಲದೆ ಬರೆದದ್ದು ಸಂಜೆ ಸಿಂಕ್ ಆದಾಗ, ಮಧ್ಯಾಹ್ನ ಕಚೇರಿಯಿಂದ ಬೇರೊಬ್ಬರು ಬರೆದದ್ದನ್ನು ಅಳಿಸಿಹಾಕುತ್ತದೆ. ಟಿಪ್ಪಣಿಗಳು ಒಂದೇ ದೊಡ್ಡ ಪೆಟ್ಟಿಗೆಯಲ್ಲಿರದೆ, ಪ್ರತಿಯೊಂದೂ ಹೊಸ ಸಾಲಾಗಿ ಸೇರುವಂತಿದ್ದರೆ ಈ ತೊಂದರೆಯಿಲ್ಲ.

ಎಕ್ಸೆಲ್‌ನಿಂದ ಹಳೆಯದನ್ನು ತರುವಾಗ ಫೋನ್ ನಂಬರ್ ಬಗ್ಗೆ ಎಚ್ಚರ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡದಿದ್ದರೆ ಆರಂಭದ ಸೊನ್ನೆ, ಕೂಡಿಸುವ ಚಿಹ್ನೆ ಎರಡೂ ಹೋಗುತ್ತವೆ. 12 ಅಂಕಿ ಅಥವಾ ಹೆಚ್ಚಿನ ಸಂಖ್ಯೆ ಘಾತಾಂಕದ ರೂಪಕ್ಕೆ (9.2E+11 ಎಂಬಂತೆ) ತಿರುಗಿ, ಸಿಎಸ್‌ವಿಯಾಗಿ (ಬರೀ ಪಠ್ಯದ ಫೈಲ್) ಸೇವ್ ಮಾಡಿದರೆ ಕಾಣುತ್ತಿರುವಂತೆಯೇ ಕತ್ತರಿಸಿ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. ದೇಶದ ಕೋಡ್ ಸಹಿತ, ಖಾಲಿ ಜಾಗ, ಅಡ್ಡಗೆರೆ ಇಲ್ಲದ ಒಂದೇ ರೂಪಕ್ಕೆ ತನ್ನಿ, ಫೋನ್ ನಂಬರ್‌ಗಳ ಅಂತರರಾಷ್ಟ್ರೀಯ ಇ.164 ಮಾನದಂಡದಂತೆ ಒಟ್ಟು 15 ಅಂಕಿ ಮೀರುವುದಿಲ್ಲ. ಆ ರೂಪಕ್ಕೆ ತಂದ ಮೇಲೆಯೇ ನಕಲು ಹುಡುಕಿ. ಒಂದೇ ಸೆಲ್‌ನಲ್ಲಿ ಎರಡು ನಂಬರ್ ಬರೆದಿರುವವು ಬಹಳ ಇರುತ್ತವೆ, ಅವನ್ನು ಮೊದಲು ಬೇರ್ಪಡಿಸಿ. ದಿನಾಂಕಗಳನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಿರಿ, 03/04 ಎಂಬುದು ಏಪ್ರಿಲ್ಲೋ ಮಾರ್ಚೋ ಯಾರಿಗೂ ತಿಳಿಯುವುದಿಲ್ಲ.

---

ಪೈಪ್‌ಲೈನ್_ಪಾಲಕ

ಫೋನ್ ಕಡ್ಡಾಯದ ತಿದ್ದುಪಡಿ ಸರಿಯಾಗಿದೆ, ಒಪ್ಪಿದೆ.

ಸೋಲಿನ ಕಾರಣದ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಡ್ರಾಪ್‌ಡೌನ್‌ನಲ್ಲಿ ‘ದರ ಹೆಚ್ಚು’ ಇದ್ದರೆ ಎಲ್ಲ ಸೋಲೂ ಅದಕ್ಕೇ ಸೇರುತ್ತವೆ, ಅದು ಹೇಳಲು ಸುಲಭ. ಮೊದಲು ‘ಗ್ರಾಹಕರು ಕೊನೆಗೆ ಏನು ಮಾಡಿದರು’ ಎಂದು ಕೇಳಿ: ಬೇರೆಯವರಿಂದ ಕೊಂಡರು, ತಾವೇ ಮಾಡಿಕೊಂಡರು, ಮುಂದೂಡಿದರು, ಕೈಬಿಟ್ಟರು, ಸುಮ್ಮನಾದರು. ಬೇರೆಯವರಿಂದ ಕೊಂಡಾಗ ಮಾತ್ರ ‘ಯಾರಿಂದ, ಯಾಕೆ’. ‘ಇತರೆ’ ಎಂಬುದು 15% ದಾಟಿದರೆ ಪಟ್ಟಿಯನ್ನು ತಿದ್ದುವ ಕಾಲ ಬಂತು.

---

ಸೇಲ್ಸ್‌ಆಪ್ಸ್_14

ಒಂದೇ ಕೊನೆಯ ಪ್ರಶ್ನೆ. 34ರಲ್ಲಿ 21 ಫೀಲ್ಡ್‌ಗಳಿಗೆ ಓದುವವರೇ ಸಿಗಲಿಲ್ಲ. ಒಮ್ಮೆಗೇ ಅಳಿಸಬಹುದೇ?

---

ಹಂತ_ಹಂತವಾಗಿ

ಅಳಿಸಬೇಡಿ, ಮೊದಲು ಮರೆಮಾಡಿ. ಅದಕ್ಕೂ ಮುಂಚೆ ಆ 21ರ ಮೇಲಿನ ಕಡ್ಡಾಯ ತೆಗೆಯಿರಿ. ಫಾರ್ಮ್‌ನಿಂದ ಮರೆಯಾದರೂ ನಿಯಮ ಉಳಿದಿದ್ದರೆ, ವೆಬ್‌ಸೈಟ್‌ನಿಂದಲೋ ಬಿಲ್ಲಿಂಗ್‌ನಿಂದಲೋ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ನೇರವಾಗಿ ಮಾಹಿತಿ ಕಳಿಸುವ ದಾರಿ) ಮೂಲಕ ಬರುವ ದಾಖಲೆಗಳು ಒಳಗೆ ಬಾರದೆ ತಿರಸ್ಕೃತವಾಗುತ್ತವೆ, ಸ್ಕ್ರೀನಿನ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ. ಲೀಡ್ ಬರುವುದು ಕಡಿಮೆಯಾಯಿತಲ್ಲ ಎಂದು ಎರಡು ವಾರದ ಮೇಲೆ ಗೊತ್ತಾಗುತ್ತದೆ.

ಪ್ರತಿ ಫೀಲ್ಡ್ ಎಲ್ಲೆಲ್ಲಿ ಬಳಕೆಯಲ್ಲಿದೆ ನೋಡಿ: ರಿಪೋರ್ಟ್, ಫಿಲ್ಟರ್, ತಾನಾಗಿ ಹೋಗುವ ಮೇಲ್, ಕೊಟೇಶನ್ ಟೆಂಪ್ಲೇಟ್, ಇಂಟಿಗ್ರೇಷನ್. ಮೊದಲ ಎರಡು ವಾರ 3 ಜನರಿಗೆ ಮಾತ್ರ ಹೊಸ ಫಾರ್ಮ್ ಕೊಡಿ: ಹೆಚ್ಚು ಮಾರುವವರೊಬ್ಬರು, ಹೊಸಬರೊಬ್ಬರು, ಸಿಆರ್‌ಎಂ ಬಗ್ಗೆ ಅತಿ ಹೆಚ್ಚು ದೂರುವವರೊಬ್ಬರು. ಮೂರನೆಯವರನ್ನು ಬಿಡಲೇಬೇಡಿ, ತೊಡಕು ಎಲ್ಲಿದೆ ಎಂದು ಖಚಿತವಾಗಿ ಹೇಳುವವರು ಅವರೇ. ಆಮೇಲೆ ಎಲ್ಲರಿಗೂ. ಮರೆಮಾಡಿ 30 ದಿನವಾದರೂ ‘ಅದೆಲ್ಲಿ ಹೋಯಿತು’ ಎಂದು ಯಾರೂ ಕೇಳದ ಫೀಲ್ಡ್‌ಗಳನ್ನು, ದಾಖಲೆಯ ಐಡಿ ಸಹಿತ ಒಂದು ಫೈಲಿಗೆ ಎಕ್ಸ್‌ಪೋರ್ಟ್ ಮಾಡಿಟ್ಟು ಅಳಿಸಿ. ಐಡಿ ಇಲ್ಲದ ಎಕ್ಸ್‌ಪೋರ್ಟ್ ಇದ್ದೂ ಇಲ್ಲದಂತೆ, ಯಾವ ಮೌಲ್ಯ ಯಾವ ಡೀಲಿನದು ಎಂದು ಮತ್ತೆ ಹೊಂದಿಸಲಾಗದು. ತ್ರೈಮಾಸಿಕದ ಕೊನೆಯ ಎರಡು ವಾರ ಏನನ್ನೂ ಮುಟ್ಟಬೇಡಿ.